ಚರ್ಚಿನ ಚಾವಣಿಯಲ್ಲೊಂದು ರಂಧ್ರ

ಚರ್ಚು ಮತ್ತು ವಿಜ್ಞಾನ ಎಂದೊಡನೆ ಎಲ್ಲರಿಗೂ ನೆನಪಾಗುವುದು ಗೆಲಿಲಿಯೊ. 1633ರಲ್ಲಿ ರೋಮಿನ ಧರ್ಮನ್ಯಾಯಾಲಯ 69 ವರ್ಷದ ಆ ವೃದ್ಧನನ್ನು ಮಂಡಿಯೂರಿಸಿ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಮಾತನ್ನು ಬಿಡಿಸಿತು. 1642ರಲ್ಲಿ ಗೃಹಬಂಧನದಲ್ಲೇ ಆತ ಕಣ್ಣುಮುಚ್ಚಿದ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಆದರೆ ಇದಿಷ್ಟೇ ಕತೆ ಎನ್ನುವವರು ಇಟಲಿಯ ಬೊಲೋನ್ಯಾದಲ್ಲಿರುವ ಸಾನ್ ಪೆಟ್ರೋನಿಯೊ ಚರ್ಚನ್ನು ಒಮ್ಮೆ ನೋಡಬೇಕು. ಅಂದು ಪೋಪರ ಆಳ್ವಿಕೆಗೇ ಸೇರಿದ್ದ ಆ ಊರಿನಲ್ಲಿ, 1655ರಲ್ಲಿ, ಚರ್ಚಿನ ಚಾವಣಿಗೇ ರಂಧ್ರ ಕೊರೆದು ಸೂರ್ಯನನ್ನು ಅಳೆಯಲಾಯಿತು. ಅಳೆದವನು ಖಗೋಳಜ್ಞ ಕಸ್ಸೀನಿ.

ಚರ್ಚಿಗೆ ಸೂರ್ಯನ ಉಸಾಬರಿ ಏಕೆ? ಈಸ್ಟರ್ ಹಬ್ಬಕ್ಕಾಗಿ. ಮಾರ್ಚ್ ತಿಂಗಳಲ್ಲಿ ಹಗಲು ರಾತ್ರಿ ಸಮವಾದ ಮೇಲೆ ಬರುವ ಹುಣ್ಣಿಮೆ, ಅದು ಕಳೆದ ಮೊದಲ ಭಾನುವಾರ ಈಸ್ಟರ್. ಸೂರ್ಯ, ಚಂದ್ರ ಎರಡರ ಲೆಕ್ಕವೂ ಕೂಡಿಬರಬೇಕು. ಪಂಚಾಂಗ ಗುಣಿಸುವವರಿಗೆ ಈ ತೊಡಕು ಹೊಸದಲ್ಲ. ಹಳೆಯ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸುಮಾರು 11 ನಿಮಿಷ ಹೆಚ್ಚಿಗೆ ಹಿಡಿದಿದ್ದರಿಂದ, ಶತಮಾನಗಳು ಉರುಳಿದಂತೆ 10 ದಿನದ ವ್ಯತ್ಯಾಸ ಬಂದಿತ್ತು. 13ನೇ ಗ್ರೆಗರಿ ಪೋಪರು 1582ರ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಸಾರಿ ಅದನ್ನು ಸರಿಪಡಿಸಿದರು. ವರ್ಷದ ಅಳತೆಯನ್ನು ಒರೆಗೆ ಹಚ್ಚಲು ಎತ್ತರವಾದ, ಕತ್ತಲೆ ತುಂಬಿದ ಚರ್ಚುಗಳಿಗಿಂತ ಒಳ್ಳೆಯ ಜಾಗ ಯಾವುದು?

ಸಾನ್ ಪೆಟ್ರೋನಿಯೊದಲ್ಲಿ ರಂಧ್ರ ಇರುವುದು ಸುಮಾರು 27 ಮೀಟರ್ ಎತ್ತರದಲ್ಲಿ. ನೆಲದ ಮೇಲೆ ಉತ್ತರ-ದಕ್ಷಿಣವಾಗಿ ಸುಮಾರು 67 ಮೀಟರ್ ಉದ್ದದ ಗೆರೆ. ನಡುಹಗಲಿಗೆ ಸರಿಯಾಗಿ ಸೂರ್ಯನ ಬಿಂಬ ಆ ಗೆರೆಯನ್ನು ದಾಟುತ್ತದೆ.

ಕಸ್ಸೀನಿ ಇದನ್ನು ಹಬ್ಬದ ಲೆಕ್ಕಕ್ಕಷ್ಟೇ ಬಳಸಲಿಲ್ಲ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಅರ್ಧ ಹಾದಿಗೆ ಸೂರ್ಯ ಸುಮಾರು 186 ದಿನ ತೆಗೆದುಕೊಂಡರೆ, ಉಳಿದರ್ಧಕ್ಕೆ 179 ದಿನ ಸಾಕು. ವೇಗ ಬದಲಾಗುವುದಿಲ್ಲ, ಹತ್ತಿರ ಬಂದಾಗ ಹಾಗೆ ಕಾಣುತ್ತದೆ ಎಂದಿದ್ದರು ಹಳಬರು. ಕೆಪ್ಲರ್ ಒಪ್ಪಲಿಲ್ಲ. ವ್ಯತ್ಯಾಸದಲ್ಲಿ ಅರ್ಧ ಮಾತ್ರ ದೂರದಿಂದ ಬಂದದ್ದು, ಉಳಿದರ್ಧ ನಿಜವಾದ ವೇಗದ್ದೇ ಎಂದ. ಅದು ಸರಿಯಿದ್ದರೆ ಬಿಂಬದ ಗಾತ್ರದ ಏರಿಳಿತ ಹಳಬರ ಲೆಕ್ಕದ ಅರ್ಧದಷ್ಟಿರಬೇಕು. ನೆಲದ ಮೇಲೆ ಬಿಂಬವನ್ನು ಅಳೆದಾಗ ಗೆದ್ದವನು ಕೆಪ್ಲರ್. ಅವನು ಪ್ರಾಟೆಸ್ಟೆಂಟ್ ಬೇರೆ!

ಸುತ್ತುವುದು ಸೂರ್ಯನೋ ಭೂಮಿಯೋ ಎಂಬುದನ್ನು ಮಾತ್ರ ಈ ಅಳತೆ ಹೇಳಲಾರದು. ಯಾವುದು ಸುತ್ತಿದರೂ ಬಿಂಬದ ಗಾತ್ರ ಅಷ್ಟೇ. ಚರ್ಚಿಗೆ ಅದು ಅನುಕೂಲವೇ ಆಯಿತು. ಖಗೋಳಜ್ಞರು ಅಳೆಯಬಹುದಿತ್ತು, ಗುಣಿಸಬಹುದಿತ್ತು. ಭೂಮಿ ಚಲಿಸುವುದು ನಿಜ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಬರೀ ಊಹೆ ಎನ್ನಬೇಕಿತ್ತು. ಗೆಲಿಲಿಯೊನ ಗ್ರಂಥ ನಿಷೇಧದ ಪಟ್ಟಿಯಿಂದ ಹೊರಬಿದ್ದದ್ದು 1835ರಲ್ಲಿ. ಅವನ ವಿಚಾರಣೆ ನಡೆಸಿದವರು ತಪ್ಪಿದ್ದರೆಂದು ಪೋಪ್ ಎರಡನೇ ಜಾನ್ ಪಾಲ್ ಒಪ್ಪಿಕೊಂಡದ್ದು 1992ರಲ್ಲಿ.