ಮೃಗಾಲಯದಲ್ಲಿ ಮುಪ್ಪು

ಪುಣೆಯಿಂದ ಸೊಲ್ಲಾಪುರದ ಹಾದಿ ಹಿಡಿದು ಕಲಬುರಗಿಗೋ ವಿಜಯಪುರಕ್ಕೋ ಹೋಗಿ ಬರುವ ನಿಮಗೆ ಇಂದಾಪುರ ಹೊಸದಲ್ಲ. ಉಜನಿ ಅಣೆಕಟ್ಟಿನ ಹಿನ್ನೀರು, ಕಬ್ಬಿನ ಗದ್ದೆ, ಇಷ್ಟು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಕಾಣದೇ ಇರುವುದು ಅದೇ ತಾಲ್ಲೂಕಿನ ಕಡಬನವಾಡಿಯ ಒಣ ಹುಲ್ಲುಗಾವಲು. ಅಲ್ಲಿ ಚಿಂಕಾರಗಳಿವೆ, ಚಿಂಕಾರಗಳ ಬೆನ್ನಿಗೆ ತೋಳಗಳೂ ಇವೆ. ಅಂಥ ಕಡೆ ಮುದಿ ಚಿಂಕಾರ ನೋಡಲು ಸಿಗುವುದು ಅಪರೂಪ. ಕಾಲು ಸ್ವಲ್ಪ ನಿಧಾನವಾಯಿತೋ, ಅದು ಮೊದಲು ಗೊತ್ತಾಗುವುದು ತೋಳಕ್ಕೆ. ಕಾಡಿನಲ್ಲಿ ಮುಪ್ಪಿಗೆ ಆಯಸ್ಸು ಕಡಿಮೆ.

ಮೃಗಾಲಯದಲ್ಲಿ ಹಾಗಲ್ಲ. ಕಾಡಿನ ಸಿಂಹ 12-14 ವರ್ಷ ಬಾಳಿದರೆ ಅದೇ ಹೆಚ್ಚು. ಹೊತ್ತಿಗೆ ಸರಿಯಾಗಿ ಊಟ, ಲಸಿಕೆ, ವೈದ್ಯರು ಇರುವ ಕಡೆ ಅದು 20ರ ಹತ್ತಿರಕ್ಕೂ ಹೋಗುತ್ತದೆ. ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಿ. ಆದರೆ ಈ ಹೆಚ್ಚಿನ ವರ್ಷಗಳೆಲ್ಲ ಸೇರುವುದು ಕೊನೆಗೆ. ಕೀಲುನೋವು, ಕಣ್ಣಿನ ಪೊರೆ, ಬೆಕ್ಕಿನ ಜಾತಿಗೆ ಬಹಳ ಕಾಡುವ ಮೂತ್ರಪಿಂಡದ ತೊಂದರೆ, ಸವೆದ ಹಲ್ಲು. ಈ ಮುಪ್ಪನ್ನು ಕೊಟ್ಟವರು ನಾವು. ಹಾಗಾಗಿ ಅದರ ಖರ್ಚೂ ನಮ್ಮದೇ ಎನ್ನುವುದು ನನ್ನ ವಾದ.

ಆನೆಯ ಬಾಯನ್ನೇ ನೋಡಿ. ಅದರ ದವಡೆಹಲ್ಲು ಬಾಳಿನಲ್ಲಿ ಆರು ಸಲ ಬರುತ್ತದೆ. ಹಿಂದಿನಿಂದ ಹೊಸದು ಮುಂದಕ್ಕೆ ಸರಿದು ಬಂದ ಹಾಗೆ ಹಳೆಯದು ಸವೆದು ಉದುರುತ್ತದೆ. ಆರನೆಯದೂ ಸವೆದರೆ ಮುಗಿಯಿತು, ಏಳನೆಯದು ಇಲ್ಲ. 60 ದಾಟಿದ ಆನೆಯ ಮುಂದೆ ರಾಶಿ ಸೊಪ್ಪು ಹಾಕಿದರೂ ಅಗಿಯಲಾರದೆ ಬಡವಾಗುವುದು ಇದರಿಂದ. ಆಗ ಮಾವುತ ಮೇವನ್ನು ಸಣ್ಣಗೆ ಕತ್ತರಿಸಬೇಕು, ಕಾಳು ಬೇಯಿಸಿ ಮೆತ್ತಗೆ ಉಂಡೆ ಕಟ್ಟಿ ಬಾಯಿಗಿಡಬೇಕು. ನಮ್ಮ ಮನೆಗಳಲ್ಲಿ ಅಜ್ಜಿಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತೇವಲ್ಲ, ಹಾಗೆ.

ಆನೆ ಎಂದ ಮೇಲೆ ನಮ್ಮ ದಸರೆಯ ಮಾತು ಬಂದೇ ಬರುತ್ತದೆ. 750 ಕಿಲೋ ತೂಕದ ಅಂಬಾರಿಯನ್ನು 2012ರಿಂದ 2019ರವರೆಗೆ ಹೊತ್ತವನು ಅರ್ಜುನ. ವಯಸ್ಸು 60 ಆದ ಆನೆಗೆ ಭಾರ ಹೊರಿಸಬಾರದೆಂದು ಅವನನ್ನು ಇಳಿಸಿ, 2020ರಿಂದ ಅಭಿಮನ್ಯುವಿಗೆ ಆ ಕೆಲಸ ಕೊಟ್ಟರು. ಇಲ್ಲಿಯವರೆಗೆ ಸರಿ. ಆದರೆ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅದೇ ಅರ್ಜುನ ಇದ್ದ. ಮದವೇರಿದ ಕಾಡಾನೆಯೊಂದು ಮೇಲೆ ಬಿದ್ದು ಅವನು ಸತ್ತ. ಅಂಬಾರಿ ಹೊರಲು ವಯಸ್ಸಾಯಿತು ಎಂದವರಿಗೆ, ಮದದಾನೆಯ ಎದುರು ನಿಲ್ಲಿಸುವಾಗ ಆ ವಯಸ್ಸು ಯಾಕೆ ನೆನಪಾಗಲಿಲ್ಲ? ನಾಡೆಲ್ಲ ಅತ್ತಿತು, ನೀವೂ ಅತ್ತಿರಬಹುದು. ಆದರೂ ಈ ಪ್ರಶ್ನೆಯನ್ನು ಬಿಡಬಾರದು, ಯಾಕೆಂದರೆ ಅಭಿಮನ್ಯುವೂ ಅರವತ್ತರ ಬಾಗಿಲಿಗೆ ಬಂದವನೇ.

ಮೃಗಾಲಯಗಳ ಆನೆಗಳ ವಿಷಯದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಅವುಗಳನ್ನು ಕಾಡಿನ ಶಿಬಿರಗಳಿಗೆ ಕಳಿಸಿ ಎಂದಿತ್ತು. ಇಕ್ಕಟ್ಟಿನ ಜಾಗ, ಸಿಮೆಂಟಿನ ನೆಲ, ಕಾಲಿನ ಹುಣ್ಣು, ಕಾರಣ ಹೇಳಬೇಕಿಲ್ಲ.

ಮುಪ್ಪಿಗೆಂದೇ ಒಂದು ಮನೆ ಹೇಗಿರಬಹುದು ಎಂಬುದಕ್ಕೆ ಬನ್ನೇರುಘಟ್ಟ ಸಾಕ್ಷಿ. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಕುಣಿಸಬಾರದೆಂದು ಸರ್ಕಾರ 1998ರಲ್ಲಿ ಹೇಳಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್ಸಿನ ಸಿಂಹ-ಹುಲಿಗಳು ಇಲ್ಲಿಯ ಪುನರ್ವಸತಿ ಕೇಂದ್ರಕ್ಕೂ ಬಂದವು. ಅವನ್ನು ಜನರಿಗೆ ತೋರಿಸುವುದಿಲ್ಲ, ಮರಿ ಮಾಡಿಸುವುದಿಲ್ಲ. ಇದ್ದಷ್ಟು ದಿನ ನೆಮ್ಮದಿಯಾಗಿ ಇರಲಿ ಎಂಬುದೇ ಲೆಕ್ಕ. 2005ರಿಂದ ಕಲಂದರರ ಕರಡಿಗಳೂ ಬಂದವು. ಹಗ್ಗ ಪೋಣಿಸಲು ಚುಚ್ಚಿದ ಮೂತಿ, ಕಿತ್ತ ಕೋರೆಹಲ್ಲು. ಅವುಗಳಿಗೆ ಗಂಜಿಯೇ ಊಟ. ಇಂಥ ಜಾಗಕ್ಕೆ ಟಿಕೆಟ್ಟಿನ ವರಮಾನವಿಲ್ಲ. ನೋಡುವವರಿಲ್ಲದ ಪ್ರಾಣಿಗೆ ಹಣ ತರುವುದು ಎಷ್ಟು ಕಷ್ಟವೆಂದು ಊಹಿಸಿ.

ಇನ್ನು ಹೇಳಲು ಹಿತವಲ್ಲದ ಮಾತು. 2014ರ ಮಾರ್ಚಿನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೃಗಾಲಯ ಹೊಸ ಗಂಡು ಸಿಂಹಕ್ಕೆ ಜಾಗ ಮಾಡಲು ನಾಲ್ಕು ಸಿಂಹಗಳನ್ನು ಕೊಂದಿತು. ಅದರಲ್ಲಿ ಎರಡು ಮುದಿಯವು. ನಮಗದು ಕಟುಕತನವಾಗಿ ಕಾಣುತ್ತದೆ, ನನಗೂ ಕಾಣುತ್ತದೆ. ಆದರೆ ನಮ್ಮಲ್ಲಿ ಇದರ ಇನ್ನೊಂದು ತುದಿಯಿದೆ. ಗುಣವಾಗದಷ್ಟು ಕಾಯಿಲೆಬಿದ್ದ ವನ್ಯಪ್ರಾಣಿಗೆ ದಯಾಮರಣ ಕೊಡಲು ನಮ್ಮ 1972ರ ಕಾಯಿದೆಯಲ್ಲೇ ಅವಕಾಶವಿದೆ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕು. ಆ ಕಾಗದಕ್ಕೆ ಸಹಿ ಹಾಕುವವರ ಕೈ ನಡುಗುವುದು ಸಹಜ. ಏಳಲಾರದೆ ಮಗ್ಗುಲು ಹುಣ್ಣಾಗಿ ಮಲಗಿದ ಪ್ರಾಣಿಯನ್ನು ‘ಪಾಪ ಬರುತ್ತದೆ’ ಎಂದು ವಾರಗಟ್ಟಲೆ ಹಾಗೇ ಇಟ್ಟರೆ ಅದಕ್ಕೆ ಏನೆನ್ನಬೇಕು? ವೈದ್ಯರು, ವರ್ಷಗಟ್ಟಲೆ ಅದಕ್ಕೆ ಊಟ ಹಾಕಿದ ಪಾಲಕ, ಅಧಿಕಾರಿ ಮೂವರೂ ಕೂತು ಕಾಯಿಲೆ ಬೀಳುವ ಮೊದಲೇ ಮಾತಾಡಿಟ್ಟುಕೊಳ್ಳಬೇಕಾದ ವಿಷಯ ಇದು.

ಒಂಟಿತನವನ್ನೂ ಮರೆಯುವಂತಿಲ್ಲ. ಐರ್ಲೆಂಡಿನ ಡಬ್ಲಿನ್‌ನಿಂದ 1995ರಲ್ಲಿ ಮೈಸೂರಿಗೆ ಬಂದ ಪೋಲೋ ಎಂಬ ಗೊರಿಲ್ಲಾವನ್ನು ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿದ್ದೀರಿ. 2014ರಲ್ಲಿ ಸಾಯುವಾಗ ಇಡೀ ದೇಶಕ್ಕೆ ಅದೊಂದೇ ಗೊರಿಲ್ಲಾ. ಊಟಕ್ಕೆ ಕೊರತೆ ಇರಲಿಲ್ಲ. ಜೊತೆ ಮಾತ್ರ ಇರಲಿಲ್ಲ.

ನೀವೇನು ಮಾಡಬಹುದು? ಮೈಸೂರಿನಲ್ಲಿ ಪ್ರಾಣಿ ದತ್ತು ಯೋಜನೆ 2001ರಿಂದ ಇದೆ. 2021ರಲ್ಲಿ ಕೋವಿಡ್ ಕಾಲದಲ್ಲಿ ನಟ ದರ್ಶನ್ ಕರೆ ಕೊಟ್ಟಾಗ ರಾಜ್ಯದ ಜನ ಮುಗಿಬಿದ್ದು ದತ್ತು ಪಡೆದರು. ಮಗುವಿನ ಹುಟ್ಟುಹಬ್ಬಕ್ಕೆ ದತ್ತು ಪಡೆಯುವಾಗ ಎಲ್ಲರೂ ಕೇಳುವುದು ಮರಿಯನ್ನೋ ಬಿಳಿ ಹುಲಿಯನ್ನೋ. ನೀವು ‘ಇಲ್ಲಿ ಎಲ್ಲರಿಗಿಂತ ವಯಸ್ಸಾದದ್ದು ಯಾವುದು?’ ಎಂದು ಕೇಳಿ ನೋಡಿ. ನಮ್ಮ ಕಾತ್ರಜ್‌ನ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಹೋದಾಗ, ಮಲಗಿದ ಪ್ರಾಣಿಯನ್ನು ಎಬ್ಬಿಸಲು ಕೂಗುವವರ ಜೊತೆ ಸೇರಬೇಡಿ. ಅಲ್ಲಿ ನಿಂತ ಪಾಲಕರನ್ನು ಅದರ ವಯಸ್ಸೆಷ್ಟು, ಈಗ ಏನು ತಿನ್ನುತ್ತದೆ ಎಂದು ಕೇಳಿ; ಮರಾಠಿಯಲ್ಲಿ ಕೇಳಿದರೆ ಇನ್ನೂ ಖುಷಿಯಿಂದ ಹೇಳುತ್ತಾರೆ. ಬುಧವಾರ ಹೋಗಬೇಡಿ, ಕಾತ್ರಜ್‌ಗೆ ಅಂದು ರಜೆ. ಮೈಸೂರಿಗೆ ಮಂಗಳವಾರ.