ಬಳ್ಳಾರಿ ಮಾದರಿಯಿಂದ 14416ರವರೆಗೆ



ಹೊಸಪೇಟೆಯ ಚಿತ್ತವಾಡ್ಗಿಯ ಹೈಸ್ಕೂಲು ಹುಡುಗಿಯೊಬ್ಬಳು ಇವತ್ತು ಫೋನಿನಲ್ಲಿ 14416 ಒತ್ತಿ, ಕನ್ನಡ ಆರಿಸಿಕೊಂಡು, ಮನಸ್ಸಿನ ಭಾರವನ್ನು ಆಪ್ತಸಮಾಲೋಚಕರ ಹತ್ತಿರ ಹೇಳಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ, ಚೀಟಿ ಮಾಡಿಸಬೇಕಿಲ್ಲ, ರಾತ್ರಿ ಹನ್ನೆರಡಾದರೂ ಅಡ್ಡಿಯಿಲ್ಲ. ಈ ಟೆಲಿ ಮಾನಸ್ ಸಹಾಯವಾಣಿ ಶುರುವಾದದ್ದು 2022ರ ಅಕ್ಟೋಬರ್ 10ರಂದು. ಆದರೆ ದೂರದ ಊರುಗಳಿಗೆ ಮಾನಸಿಕ ಚಿಕಿತ್ಸೆಯನ್ನು ತಲುಪಿಸುವುದು ಹೇಗೆ ಎಂಬ ಪಾಠವನ್ನು ದೇಶ ಅದಕ್ಕೂ ಬಹಳ ಹಿಂದೆ ಕಲಿತದ್ದು ನಮ್ಮ ಈ ಬಳ್ಳಾರಿಯ ನೆಲದಲ್ಲೇ. ಅದನ್ನು ನಮ್ಮವರೇ ಮರೆತಿದ್ದಾರೆ ಎಂಬುದು ನನಗೆ ಬೇಸರದ ಸಂಗತಿ.

1985ರ ಕಾಲವನ್ನು ನೆನೆಯಿರಿ. ಸಂಡೂರು, ಕಂಪ್ಲಿಗಳಂತೆ ಹೊಸಪೇಟೆಯೂ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಜಿಲ್ಲೆಯಲ್ಲಿ ಸುಮಾರು ಇಪ್ಪತ್ತು ಲಕ್ಷ ಜನ. ಮನೆಯಲ್ಲಿ ಯಾರಿಗಾದರೂ ಮನೋರೋಗ ಬಂದರೆ ಮೊದಲು ತಾಯತ, ಆಮೇಲೆ ದೇವರ ಹರಕೆ, ಕೊನೆಗೆ ಹೊಲ ಒತ್ತೆಯಿಟ್ಟು ಮುನ್ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನ ನಿಮ್ಹಾನ್ಸ್‌ಗೆ ಪ್ರಯಾಣ. ಮಾತ್ರೆ ಮುಗಿದ ಮೇಲೆ ಮತ್ತೆ ಅಷ್ಟು ದೂರ ಹೋಗುವವರು ಯಾರು? ಕಾಯಿಲೆ ಮರುಕಳಿಸುತ್ತಿತ್ತು.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವೇನೋ 1982ರಲ್ಲೇ ಕಾಗದದ ಮೇಲೆ ಬಂದಿತ್ತು. ಅದು ಒಂದಿಡೀ ಜಿಲ್ಲೆಯಲ್ಲಿ ನಡೆದೀತೇ ಎಂದು ಪರೀಕ್ಷಿಸಲು ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಬಳ್ಳಾರಿಯನ್ನು ಆರಿಸಿಕೊಂಡವು. ಊರೂರಿಗೆ ಮನೋವೈದ್ಯರನ್ನು ಕೊಡಲು ದೇಶದಲ್ಲಿ ಅಷ್ಟು ಮನೋವೈದ್ಯರೇ ಇರಲಿಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರಕ್ಕೆ, ಭೇದಿಗೆ ಮದ್ದು ಕೊಡುವ ವೈದ್ಯರಿಗೇ ತರಬೇತಿಯಾಯಿತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ರೋಗಲಕ್ಷಣ ಗುರುತಿಸುವುದನ್ನು ಹೇಳಿಕೊಟ್ಟರು. ಕೆಲವೇ ಆಯ್ದ ಔಷಧಿಗಳು ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತಾದವು. ಕೈಮೀರಿದ ರೋಗಿಯನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳಿಸುವ ಏರ್ಪಾಡು. 1990ರವರೆಗೆ ನಡೆದ ಈ ಪ್ರಯೋಗಕ್ಕೆ ‘ಬಳ್ಳಾರಿ ಮಾದರಿ’ ಎಂಬ ಹೆಸರು ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದ್ದು ಇದೇ ಅಚ್ಚಿನಲ್ಲಿ. ಗಣಿಗೂ ಹಂಪಿಗೂ ಹೆಸರಾಗಿದ್ದ ಅಂದಿನ ಜಿಲ್ಲೆಗೆ ಇದೂ ಒಂದು ಹೆಮ್ಮೆಯೇ.

ಆದರೆ ಆ ಮಾದರಿಯ ಕಣ್ಣು ಮುಖ್ಯವಾಗಿ ನೆಟ್ಟಿದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ. ಗಲಾಟೆ ಮಾಡದ, ಬಟ್ಟೆ ಹರಿದುಕೊಳ್ಳದ, ಮೂಲೆಯಲ್ಲಿ ಸುಮ್ಮನೆ ಕುಳಿತ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಆತಂಕ ಹೊಟ್ಟೆನೋವಾಗಿ, ತಲೆನೋವಾಗಿ ಕಾಣುತ್ತದೆ. ಖಿನ್ನತೆ ಎಷ್ಟೋ ಸಲ ಸಿಡುಕಾಗಿ ಕಾಣುತ್ತದೆ. “ಸೋಮವಾರ ಬಂತಂದ್ರ ಹೊಟ್ಟಿನೋವು ಅಂತಾನ್ರಿ, ಸಾಲಿಗೆ ಹೋಗಲ್ಲಂತಾನ್ರಿ” ಎಂದು ತಾಯಿ ಹೇಳಿದರೆ, ಸೋಮಾರಿತನ ಎಂದು ಗದರಿಸಿ ಕಳಿಸುವವರೇ ಹೆಚ್ಚು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ನೂರು ಮಕ್ಕಳ ಶಾಲೆಯಲ್ಲಿ ಏಳು ಮಕ್ಕಳು ಎಂದರೆ ಸಣ್ಣ ಲೆಕ್ಕವಲ್ಲ.

ಹೀಗೆ ಮನಸ್ಸು ಕುಸಿದವರಿಗೆ ದನಿಯ ಮೂಲಕ ನೆರವಾಗುವ ಯೋಚನೆ ಹೊರದೇಶದಲ್ಲಿ ಹುಟ್ಟಿದ್ದು ಒಂದು ದಾರುಣ ಘಟನೆಯಿಂದ. ಚಾಡ್ ವಾರಾ ಎಂಬ ಇಂಗ್ಲೆಂಡಿನ ಪಾದ್ರಿ ತಮ್ಮ ಎಳೆಪ್ರಾಯದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳ ಅಂತ್ಯಕ್ರಿಯೆ ಮಾಡಬೇಕಾಯಿತು. ಮೊದಲ ಸಲ ಮುಟ್ಟಾದಾಗ ಅದನ್ನೇ ಕೆಟ್ಟ ರೋಗವೆಂದು ಹೆದರಿ ಅವಳು ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಅವಳಿಗೊಬ್ಬರೂ ಇರಲಿಲ್ಲ. ಅದು ಅವರ ಮನಸ್ಸಿನಲ್ಲಿ ಉಳಿಯಿತು. 1953ರಲ್ಲಿ ಅವರು ಲಂಡನ್ನಿನಲ್ಲಿ ಆರಂಭಿಸಿದ ದೂರವಾಣಿ ಸೇವೆಯೇ ಸಮಾರಿಟನ್ಸ್. ಅಮೆರಿಕದ ನೆಬ್ರಾಸ್ಕಾದಲ್ಲಿ ಮನೋವೈದ್ಯರು 1950ರ ದಶಕದ ಕೊನೆಗೇ ಟೀವಿ ಪರದೆಯ ಮೂಲಕ ಚಿಕಿತ್ಸೆ ನಡೆಸಿ ನೋಡಿದ್ದರು.

ಕನ್ನಡದಲ್ಲಿ ದೂರದಿಂದಲೇ ನೆರವಾಗುವ ಈ ಕೆಲಸವನ್ನು ಬಹುಕಾಲ ಅಕ್ಷರವೇ ಮಾಡಿತು. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳ ಮೂಲಕ ಮನೋರೋಗದ ಭಯವನ್ನು ಮನೆಮನೆಗಳಲ್ಲಿ ತಗ್ಗಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆಸ್ಪತ್ರೆಯ ಮೆಟ್ಟಿಲು ಹತ್ತದ ಎಷ್ಟೋ ಜನ ಇಂಥ ಪುಸ್ತಕ ಓದಿಯೇ ಧೈರ್ಯ ತಂದುಕೊಂಡರು ಎಂದು ನಾನು ನಂಬಿದ್ದೇನೆ.

ಮುಂದಿನ ದಾರಿ ಬೇಗ ಸಾಗಿತು. ಕೊರೊನಾ ಊರುಗಳನ್ನೆಲ್ಲ ಮುಚ್ಚಿದಾಗ, 2020ರ ಮಾರ್ಚ್ 25ರಂದು ದೂರವೈದ್ಯಕೀಯದ ಮಾರ್ಗಸೂಚಿ ಬಂತು. ಎರಡು ವರ್ಷದ ಮೇಲೆ ಟೆಲಿ ಮಾನಸ್ ಬಂತು. ಅದಕ್ಕೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 2024ರ ಅಕ್ಟೋಬರಿನಲ್ಲಿ ವಿಡಿಯೋ ಮೂಲಕ ನೋಡುವ ವ್ಯವಸ್ಥೆ ಮೊದಲು ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಫೋನಿನಲ್ಲಿ ಎಂಥ ಚಿಕಿತ್ಸೆ ಎಂದು ಕೇಳುವವರಿದ್ದಾರೆ. ಶಾಲೆಗೆ ಹೆದರುವ ಹುಡುಗನನ್ನೇ ತೆಗೆದುಕೊಳ್ಳಿ. ಚಿಕಿತ್ಸಕರು ಅವನ ಜೊತೆ ಮಾತಾಡುತ್ತಾ ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದು ಹಾಳೆಯಲ್ಲಿ ಬರೆಸುತ್ತಾರೆ. ಮೊದಲ ವಾರ ಗೇಟಿನ ತನಕ ಹೋಗಿ ಬಂದರೆ ಸಾಕು. ಆಮೇಲೆ ಒಂದು ಪಿರಿಯಡ್ಡು ಕೂರಬೇಕು, ಆಮೇಲೆ ಅರ್ಧ ದಿನ. ಪ್ರತಿ ವಾರ ಏನಾಯಿತೆಂದು ಕೇಳುತ್ತಾರೆ. ಖಿನ್ನತೆಯಿಂದ ಹಾಸಿಗೆ ಬಿಡದ ಹುಡುಗಿಗೆ ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡುತ್ತಾರೆ. ಇದಕ್ಕೆ ಬೇಕಾದದ್ದು ತರಬೇತಾದ ಕಿವಿ ಮತ್ತು ಮಾತು. ಅವೆರಡೂ ತಂತಿಯ ಮೇಲೆ ಬರುತ್ತವೆ.

ಬಾರದವೂ ಇವೆ. ಊಟ ಬಿಟ್ಟು ಕೃಶವಾದ ಮಗುವನ್ನು, ತನಗೆ ತಾನೇ ಹಾನಿ ಮಾಡಿಕೊಳ್ಳಲು ಹೊರಟ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ವೈದ್ಯರು ಚಿಕ್ಕವರನ್ನು ದೂರದಿಂದ ನೋಡುವಾಗ ಜೊತೆಗೆ ದೊಡ್ಡವರೊಬ್ಬರು ಇರಬೇಕೆಂದು 2020ರ ಮಾರ್ಗಸೂಚಿ ಹೇಳುತ್ತದೆ. ಅದು ಸರಿಯೇ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಅಪ್ಪನ ಬಳಿ ಇರುವ ಒಂದೇ ಫೋನಿನಲ್ಲಿ, ಅಪ್ಪನ ಎದುರೇ ಅಪ್ಪನ ಕುಡಿತದ ಬಗ್ಗೆ ಮಗು ಹೇಗೆ ಮಾತಾಡೀತು? ಇದಕ್ಕೆ ಯಾವ ಆ್ಯಪಿನಲ್ಲೂ ಉತ್ತರವಿಲ್ಲ. ನಮ್ಮ ಶಾಲೆಗಳು ಒಂದು ಕೋಣೆ, ಒಂದು ಫೋನು, ನಂಬಿಕಸ್ಥ ಶಿಕ್ಷಕಿಯೊಬ್ಬರನ್ನು ಒದಗಿಸಿದರೆ ಬಹಳಷ್ಟು ಸಾಧ್ಯ. 1985ರಲ್ಲಿ ಆರೋಗ್ಯ ಕಾರ್ಯಕರ್ತೆಯರು ಮಾಡಿದ ಕೆಲಸ ಇವತ್ತು ಆ ಶಿಕ್ಷಕಿಯದು.

ತಂದೆ ತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಶಾಲೆಗೆ ಹೆದರುತ್ತಿದ್ದರೆ, ಗದರಿಸಬೇಡಿ. 14416ಕ್ಕೆ ಫೋನು ಮಾಡಿ, ಮಗುವಿನ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಹೊರಗೆ ಕುಳಿತಿರಿ.