ಸ್ಯಾಕ್ಸೊಫೋನಿಗೆ ಗಮಕ ಕಲಿಸಿದವರು

(ಕೊಟ್ಟೂರಿನಲ್ಲಿ ಬ್ಯಾಂಡ್ ಕಲಾವಿದರ ಮುಂದೆ ಆಡಿದ ಮಾತು)



ಹಡಗಲಿ, ಹರಪನಹಳ್ಳಿ ಕಡೆ ಮದುವೆ ಮೆರವಣಿಗೆಗಳಲ್ಲಿ ಊದುವ ನಿಮಗೆ ಸ್ಯಾಕ್ಸೊಫೋನ್ ಹೊಸದಲ್ಲ. ಜಾಝ್ ಸಂಗೀತದ ಗುರುತೇ ಆದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಕದ್ರಿ ಗೋಪಾಲನಾಥ್ (1949–2019).

ಬಂಟ್ವಾಳ ತಾಲ್ಲೂಕಿನವರು, ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಹುಡುಗ ಮರುಳಾದ. ತೊಡಕೇನು ಗೊತ್ತೆ? ಕೀಲಿ ಒತ್ತಿದರೆ ಬರುವುದು ಬಿಡಿಬಿಡಿ ಸ್ವರ. ನಮ್ಮ ರಾಗದಲ್ಲಿ ಸ್ವರ ಜಾರಬೇಕು, ತೂಗಬೇಕು. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಬಹುದು. ಇಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಮುಚ್ಚಳ. ಅವರು ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರು. ಉಳಿದದ್ದು ತುಟಿ, ಉಸಿರುಗಳ ಕೆಲಸ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಕಲಿಸಿದರು. ವಾದ್ಯ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತಂತೆ! ಆಷಾಢ ಬಂತೆಂದರೆ ನಮ್ಮಲ್ಲಿ ವಾದ್ಯ ಪೆಟ್ಟಿಗೆ ಸೇರುತ್ತದೆ. ಮದುವೆಗಳಿಲ್ಲದ ಆ ತಿಂಗಳೇ ಸಾಧನೆಗೆ ಸಿಗುವ ಬಿಡುವು ಎಂದು ನನ್ನ ಅನಿಸಿಕೆ.

1980ರ ಮುಂಬಯಿ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ತಮ್ಮೊಡನೆ ನುಡಿಸಲು ಕರೆದರು. ಹ್ಯಾಂಡಿ ಆ ಮೊದಲೇ ಸರೋದ್‌ನ ಅಲಿ ಅಕ್ಬರ್ ಖಾನರೊಡನೆ ನುಡಿಸಿದ್ದವರು. ನಿಂತ ನಿಲುವಿನಲ್ಲಿ ಹೊಸದನ್ನು ಕಟ್ಟುವುದು ಜಾಝ್‌ನ ಜೀವ. ನಮ್ಮವರು ಅದನ್ನೇ ಮನೋಧರ್ಮ ಎನ್ನುತ್ತಾರೆ. ಪಕ್ಕದವನಿಗೆ ಕಿವಿಗೊಡದವನು ಅಲ್ಲಿ ನಿಲ್ಲಲಾರ; ಬರೀ ಸಿನಿಮಾ ಧಾಟಿ ಬಾಯಿಪಾಠ ಮಾಡಿದವನಂತೂ ಇಲ್ಲವೇ ಇಲ್ಲ.

1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವ ಅವರನ್ನು ಕರೆಸಿತು. 2008ರಲ್ಲಿ ಅಮೆರಿಕದ ಜಾಝ್ ವಾದಕರೊಬ್ಬರು ಅವರೊಡನೆ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ತಂದರು. ಆತನ ಹೆಸರು, ಕೊಟ್ಟೂರಿನವರು ನಮ್ಮವನೇ ಎಂದಾರು, ರುದ್ರೇಶ್ ಮಹಾಂತಪ್ಪ.